ಫೈಟಿಗೆ ಮೊದಲೇ ಏಳುವ ಪರದೆ

ಬೆಟ್ಟಯ್ಯ: ಅಲ್ಲ ಸಾ, ವಿಲನ್ ಬರೋ ವಿಷ್ಯಾನ ಹೀರೋಗಿಂತ ಮುಂಚೆ ನಮಗ್ಯಾಕೆ ತಿಳಿಸ್ತೀರಿ?

ಮಹಾದೇವಸ್ವಾಮಿ: ನಾನೇನ್ರೀ ತಿಳಿಸ್ದೆ? ಆಟ ಶುರುವಾದಾಗಿಂದ ಈ ಕುರ್ಚಿ ಬಿಟ್ಟು ಎದ್ದಿಲ್ಲ ನಾನು.

ಬೆಟ್ಟಯ್ಯ: ನೀವಲ್ಲ ಸಾ. ನಿಮ್ ಪರದೆ.

ನಂಜನಗೂಡಿನ ಹಳೇ ಟಾಕೀಸೊಂದರ ಆಫೀಸ್ ರೂಮು. ಮಧ್ಯಾಹ್ನದ ಆಟಕ್ಕೆ ಆಗ ತಾನೇ ಇಂಟರ್‌ವಲ್ ಬಿಟ್ಟಿತ್ತು. ಕುರ್ಚಿಯಲ್ಲಿ ಕೂತವರು ಟಾಕೀಸಿನ ಮಾಲೀಕರು ಮಹಾದೇವಸ್ವಾಮಿ. ಎದುರಿಗೆ ನಿಂತವನು ಹುಲ್ಲಹಳ್ಳಿಯ ಬೆಟ್ಟಯ್ಯ. ಡೈರಿಗೆ ಹಾಲು ಹಾಕಿ, ಹೆಂಡತಿಯನ್ನು ಕರೆದುಕೊಂಡು, ಹತ್ತು ಗಂಟೆ ಬಸ್ಸು ಹತ್ತಿ ಬರುವ ಖಾಯಂ ಪ್ರೇಕ್ಷಕ. ಖಾಯಂ ಪ್ರೇಕ್ಷಕರಿಗೆ ಟಾಕೀಸು ತಮ್ಮದೇ ಅನ್ನಿಸಿಬಿಡುತ್ತದೆ. ಮಾಲೀಕರಿಗೆ ಅವರಷ್ಟು ಕಾಟ ಬೇರೆ ಯಾರೂ ಕೊಡುವುದಿಲ್ಲ.

ಮಹಾದೇವಸ್ವಾಮಿ: ಓ, ಅದಾ! ಪಿಕ್ಚರೇ ಹಂಗೆ ಕಣ್ರೀ. ಫೈಟ್ ಸೀನೆಲ್ಲ ದೊಡ್ಡ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ತೆಗ್ದಿದ್ದಾರೆ. ಆಗ ಚಿತ್ರ ಮೇಲಕ್ಕೂ ಕೆಳಕ್ಕೂ ಬೆಳೆದು ಪರದೆ ತುಂಬ ಬರುತ್ತೆ. ಮಾತಿನ ಸೀನು ಮಾಮೂಲಿ ಕ್ಯಾಮೆರಾದ್ದು. ಆಗ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬಂದು ಚಿತ್ರ ಸಣ್ಣಗಾಗುತ್ತೆ. ಇದೆಲ್ಲ ಹೊಸ ಟೆಕ್ನಿಕ್ಕು.

ಬೆಟ್ಟಯ್ಯ: ಅಂದ್ರೆ, ಕಾರು ಪಲ್ಟಿ ಹೊಡಿಯೋಕೆ ದೊಡ್ಡ ಕ್ಯಾಮೆರಾ, ತಾಯಿ ಅಳೋಕೆ ಚಿಕ್ಕದಾ? ಯಾವ ನ್ಯಾಯ ಸಾ ಇದು?

ಮಹಾದೇವಸ್ವಾಮಿ: ದೊಡ್ಡ ಕ್ಯಾಮೆರಾ ಹಿಟ್ಟಿನ ಮಿಲ್ ತರ ಸದ್ದು ಮಾಡುತ್ತಂತೆ ರೀ. ತಾಯಿ ಅತ್ತಿದ್ದು ಕೇಳಿಸಬೇಡ್ವಾ?

ಬೆಟ್ಟಯ್ಯ: ನಮ್ಮಜ್ಜಿ ಮಿಲ್ ಮುಂದೆ ನಿಂತ್ಕಂಡು ಅತ್ರೂ ಊರಿಗೆಲ್ಲ ಕೇಳುಸ್ತಿತ್ತು. ಓಗ್ಲಿ ಬಿಡಿ. ನಾನು ಚಿತ್ರದ ಮಾತಾಡ್ತಿಲ್ಲ, ಬಟ್ಟೆ ಮಾತಾಡ್ತಿವ್ನಿ. ಮೊದ್ಲು ಕಪ್ಪು ಬಟ್ಟೆ ಮೇಲಕ್ಕೋಯ್ತದೆ. ಒಂದು, ಎರಡು, ಮೂರು, ನಾಕು ಅನ್ನೋವಷ್ಟ್ರಲ್ಲಿ ವಿಲನ್ ಬಾಗ್ಲು ಒದ್ಕಂಡು ಬತ್ತಾನೆ.

ಮಹಾದೇವಸ್ವಾಮಿ: ಬಟ್ಟೆನಾ? ರೀ, ಆ ಬಟ್ಟೆ ಮುಟ್ಟಿ ಹತ್ತು ವರ್ಷ ಆಯ್ತು. ನಿಮಗೆಲ್ಲೋ ಭ್ರಮೆ.

ಬೆಟ್ಟಯ್ಯ: ನನಗೊಬ್ಬನಿಗೆ ಭ್ರಮೆ ಆಗ್ಬೋದು ಸಾ, ಇಡೀ ಟಾಕೀಸಿಗಾ? ಹೀರೋ ಊಟಕ್ಕೆ ಕೂತವ್ನೆ. ತಾಯಿ ಮುದ್ದೆ ಬಡಿಸ್ತಾವ್ಳೆ. ಆಗ ಬಟ್ಟೆ ಮೇಲಕ್ಕೆದ್ದದ್ದೇ ತಡ, ಮುಂದ್ಲ ಸಾಲಿನವ್ರೆಲ್ಲ ಎದ್ದು ನಿಂತು 'ಅಮ್ಮೋ, ಒಳಗೋಗಿ ಬಾಗ್ಲಾಕ್ಕೋ' ಅಂತ ಕೂಗಿದ್ರು. ಹೀರೋಗೆ ಮಾತ್ರ ಗೊತ್ತಿಲ್ಲ, ಸಾರು ಆಕ್ಸ್ಕತಾ ಅವ್ನೆ. ನಂಗೆ ಹೊಟ್ಟೆ ಉರ್ದೋಯ್ತು.

ಮಹಾದೇವಸ್ವಾಮಿಗಳ ಮುಖ ಸಪ್ಪಗಾಯಿತು. ರೀಲಿನ ಕಾಲದಲ್ಲಿ, ಚಿತ್ರವನ್ನು ಬಿಟ್ಟು ಉಳಿದ ಬಿಳಿ ಪರದೆ ಕಾಣದ ಹಾಗೆ ಮುಚ್ಚಲು ಮೇಲೊಂದು ಕೆಳಗೊಂದು ಕಪ್ಪು ಬಟ್ಟೆ ಕಟ್ಟಿದ್ದರು. ಪರದೆಯ ಹಿಂದೆ ಅದಕ್ಕೊಂದು ಹಗ್ಗ. ಎಳೆದರೆ ಎರಡೂ ಬಟ್ಟೆ ಸರಿದು ಪರದೆ ಪೂರ್ತಿ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಆ ಹಗ್ಗ ಎಲ್ಲಿದೆ ಎಂದು ಗೊತ್ತಿದ್ದವನು ಊರಿಗೆಲ್ಲ ಒಬ್ಬನೇ.

ಮಹಾದೇವಸ್ವಾಮಿ: ಸಿದ್ದಯ್ಯಾ! ಲೋ ಸಿದ್ದಯ್ಯಾ!

ಟಾಕೀಸಿನ ಆಪರೇಟರ್ ಸಿದ್ದಯ್ಯ ಒಳಗೆ ಬಂದ. ಅರವತ್ತರ ಹತ್ತಿರದ ಮನುಷ್ಯ. ತಲೆ ತುಂಬ ಜೇಡರ ಬಲೆ, ಅಂಗೈ ಎರಡೂ ಕೆಂಪು. ತಪ್ಪೊಪ್ಪಿಗೆಯ ಅರ್ಧ ಕೆಲಸ ಅಲ್ಲೇ ಮುಗಿದಿತ್ತು.

ಮಹಾದೇವಸ್ವಾಮಿ: ಕ್ಯಾಬಿನ್‌ನಲ್ಲಿ ಇರೋದು ಬಿಟ್ಟು ಪರದೆ ಹಿಂದೆ ಏನೋ ಕೆಲಸ ನಿನಗೆ?

ಸಿದ್ದಯ್ಯ: ಕ್ಯಾಬಿನ್‌ನಲ್ಲಿ ನಂಗೇನು ಕೆಲ್ಸ ಅದೆ ಸಾ? ಕಂಪ್ಯೂಟರ್ ಅದಷ್ಟಕ್ಕೆ ಅದು ಓಡ್ತದೆ. ಟೀ ಕುಡಿದ್ಯಾ ಅಂತ ಕೂಡ ಕೇಳಲ್ಲ.

ಮಹಾದೇವಸ್ವಾಮಿ: ಅದಕ್ಕೆ ಹಗ್ಗ ಎಳೆಯೋಕೆ ಹೋದ್ಯಾ?

ಸಿದ್ದಯ್ಯ: ಕಂಪ್ಯೂಟರ್ ಬಿಡೋ ಆ ಕಪ್ಪು ಪಟ್ಟಿ ಕಪ್ಪಗೆ ಎಲ್ಲದೆ ಸಾ? ಸರಿಯಾಗಿ ಒರೆಸದ ಸ್ಲೇಟ್ ಇದ್ದಂಗದೆ. ನರಸೀಪುರದ ಟಾಕೀಸಲ್ಲಿ ಹನ್ನೆರಡು ವರ್ಷ, ಇಲ್ಲಿ ಇಪ್ಪತ್ತೆಂಟು ವರ್ಷ, ನಾನು ಆಟ ಬಿಟ್ಟಾಗ ಬರೀ ಪರದೆ ಒಂದು ಗೇಣು ಕಂಡಿಲ್ಲ. ನಾಚ್ಕೆ ಆಯ್ತು ಸಾ. ಮಾತಿಗೆ ಮುಚ್ತೀನಿ, ಫೈಟಿಗೆ ತೆಗೀತೀನಿ. ಒಂದಾಟಕ್ಕೆ ಎಪ್ಪತ್ತೆರಡು ಸಲ.

ಬೆಟ್ಟಯ್ಯ: ಸರಿ ಕಣಪ್ಪ, ತೆಗಿ. ಫೈಟ್ ಬಂದ್ಮೇಲೆ ತೆಗಿ! ಮುಂಚೇನೇ ಯಾಕೆ?

ಸಿದ್ದಯ್ಯ: ರಾಟೆ ತುಕ್ಕಿಡ್ದದೆ ಅಣ್ಣ. ಪೂರ್ತಿ ತೆರ್ಯೋಕೆ ನಾಕು ಎಣಿಕೆ ಬೇಕು. ಶುಕ್ರವಾರ ಮೊದಲನೇ ಆಟದಲ್ಲಿ ಫೈಟ್ ಬಂದ್ಮೇಲೇ ಎಳ್ದೆ. ಹೀರೋ ಎಂಟ್ರಿ ಕೊಟ್ಟ, ತಲೆ ಬಟ್ಟೆ ಹಿಂದೆ ಉಳ್ಕತು. ಅಭಿಮಾನಿಗಳು ಸೀಟ್ ಕೀಳೋಕೆ ಬಂದ್ರು. ಅದಕ್ಕೇ ಪಿಚ್ಚರ್ ಬಾಯಿಪಾಠ ಮಾಡ್ಕಂಡು ನಾಕು ಎಣಿಕೆ ಮುಂಚೇನೇ ಎಳೀತೀನಿ.

ಮಹಾದೇವಸ್ವಾಮಿ: ಯಾರೋ ಇದೆಲ್ಲ ಮಾಡು ಅಂದೋರು ನಿನಗೆ?

ಸಿದ್ದಯ್ಯ ನೆಲ ನೋಡಿದ.

ಸಿದ್ದಯ್ಯ: ಈ ಪಿಚ್ಚರ್ ಬರೋಕೆ ಮುಂಚೆ, ಸೋಮವಾರ ಏನಂದ್ರಿ ಸಾ? ಮುಂದಿನ ತಿಂಗಳಿಂದ ಅಳಿಯಂದ್ರು ಹೇಮಂತಪ್ಪೋರು ಮೊಬೈಲಲ್ಲೇ ಆಟ ಬಿಡ್ತಾರೆ, ನೀನು ಮನೇಲಿ ಆರಾಮಾಗಿರು ಅಂದ್ರಿ. ನಂಗೆ ಆರಾಮು ಬೇಡ ಸಾ. ಮೊಬೈಲ್ ಕೈಲಿ ಆಗ್ದಿರೋದು ಒಂದು ಕೆಲ್ಸನಾದ್ರೂ ನನ್ ಕೈಲಿ ಆಯ್ತದೆ ಅಂತ ತೋರಿಸ್ಬೇಕಿತ್ತು.

ಮಹಾದೇವಸ್ವಾಮಿಗಳಿಗೆ ಒಳಗೊಳಗೇ ಪಾಪ ಅನ್ನಿಸಿತು. ಪಾಪ ಅನ್ನಿಸಿದಾಗ ಅವರು ಸಾಮಾನ್ಯವಾಗಿ ಜೋರಾಗಿ ಬಯ್ಯುತ್ತಾರೆ. ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಬೆಟ್ಟಯ್ಯನ ಹೆಂಡತಿ ಶಿವನಂಜಮ್ಮ ಕೈಯಲ್ಲಿ ಪಾಪ್‌ಕಾರ್ನ್ ಹಿಡಿದುಕೊಂಡು ಬಂದಳು.

ಶಿವನಂಜಮ್ಮ: ಸಾ, ಬಟ್ಟೆ ಏಳ್ಸಿ ಇಳ್ಸೋರು ಯಾರು?

ಬೆಟ್ಟಯ್ಯ: ನೋಡಿ, ನಮ್ಮನೆಯೋಳೂ ಜಗಳಕ್ಕೆ ಬಂದ್ಲು. ಇವನೇ ಕಣಮ್ಮಿ, ಕೇಳು.

ಶಿವನಂಜಮ್ಮ: ನಿಮ್ ಕೈಗೆ ಬಂಗಾರದ ಬಳೆ ಆಕ್ಬೇಕು ಕಣಣ್ಣ! ಮದ್ವೆ ಆದಾಗಿಂದ ಇವ್ರು ಫೈಟಿಂಗ್ ಪಿಚ್ಚರ್‌ಗೇ ಕರ್ಕಬತ್ತಾರೆ. ನಂಗೆ ರಕ್ತ ಕಂಡ್ರಾಗಲ್ಲ. ಇವತ್ತು ಬಟ್ಟೆ ಎದ್ದಾಗ ಕಣ್ ಮುಚ್ಕತೀನಿ, ಇಳ್ದಾಗ ತೆಗೀತೀನಿ. ನೆಮ್ದಿಯಾಗಿ ನೋಡ್ದೆ.

ಮಹಾದೇವಸ್ವಾಮಿ: ಅಂದ್ರೆ ತಾಯೀ, ನೀವು ನೋಡಿದ್ದು ಮಾತಿನ ಸೀನು ಮಾತ್ರ?

ಶಿವನಂಜಮ್ಮ: ಊ ಸಾ. ಬಾಳ ಚೆನ್ನಾಗದೆ. ಸಂಸಾರದ ಪಿಚ್ಚರ್.

ಬೆಟ್ಟಯ್ಯ: ಸಂಸಾರ? ಇಲ್ಲೀಗಂಟ ಅರವತ್ತು ಜನ ಸತ್ತವ್ರೆ ಕಣಮ್ಮಿ!

ಶಿವನಂಜಮ್ಮ: ನಾನ್ ಕಂಡಂಗೆ ಒಬ್ರೂ ಸತ್ತಿಲ್ಲ. ಎಲ್ಲಾ ಊಟ ಮಾಡ್ತಾವ್ರೆ.

ಬೆಟ್ಟಯ್ಯ: ಸಾ, ಬಟ್ಟೆ ನಿಲ್ಲಿಸಿ!

ಶಿವನಂಜಮ್ಮ: ಸಾ, ನಿಲ್ಲಿಸ್ಬೇಡಿ! ನಿಲ್ಸಿದ್ರೆ ಮುಂದಿನ ವಾರ ಇವ್ರನ್ನ ಮನೆ ಬಿಟ್ಟು ಕಳ್ಸಕ್ಕಿಲ್ಲ.

ಮಹಾದೇವಸ್ವಾಮಿ: ಸಾಕು! ಟಾಕೀಸು ನನ್ನದು. ಇನ್ಮೇಲೆ ಬಟ್ಟೆ ಏಳೋದೂ ಇಲ್ಲ, ಇಳಿಯೋದೂ ಇಲ್ಲ. ಸಿದ್ದಯ್ಯ, ನೀನು ಆ ಹಗ್ಗದ ಹತ್ರ ಹೋಗಕೂಡದು. ಇಲ್ಲೇ ನನ್ನ ಕಣ್ಮುಂದೆ ಕೂತಿರು.

ಸಿದ್ದಯ್ಯ: ಸಾ, ಆದ್ರೆ ಈಗ ಬಟ್ಟೆ...

ಮಹಾದೇವಸ್ವಾಮಿ: ಮಾತಾಡಕೂಡದು!

ಸಿದ್ದಯ್ಯ ಮಾತಾಡಲಿಲ್ಲ. ಬೆಲ್ಲು ಹೊಡೆಯಿತು. ಗಂಡ ಹೆಂಡತಿ ಒಳಗೆ ಹೋದರು. ಇಂಟರ್‌ವಲ್ ಬಿಟ್ಟಿದ್ದು ಮಾತಿನ ಸೀನಿನಲ್ಲಿ, ಹಾಗಾಗಿ ಬಟ್ಟೆ ಮುಚ್ಚಿಯೇ ಇತ್ತು. ಐದು ನಿಮಿಷಕ್ಕೆ ಒಳಗಿನಿಂದ ಶಿಳ್ಳೆ, ಆಮೇಲೆ ಕೂಗು, ಆಮೇಲೆ ಸೀಟು ಬಡಿಯುವ ಸದ್ದು. ಬೆಟ್ಟಯ್ಯ ಓಡಿ ಬಂದ.

ಬೆಟ್ಟಯ್ಯ: ಸಾ, ಹೀರೋಗೆ ತಲೆ ಇಲ್ಲ! ವಿಲನ್‌ಗೆ ಕಾಲಿಲ್ಲ! ಬರೀ ಬೆಲ್ಟುಗಳು ಹೊಡೆದಾಡ್ತಾವೆ!

ಮಹಾದೇವಸ್ವಾಮಿ: ಲೋ ಸಿದ್ದಯ್ಯ, ಏನೋ ಇದು?

ಸಿದ್ದಯ್ಯ: ಬಟ್ಟೆ ಮುಚ್ಚದೆ ಅಂತ ಯೋಳಕ್ಕೆ ಬಂದೆ ಸಾ. ಮಾತಾಡಕೂಡದು ಅಂದ್ರಿ.

ಮಹಾದೇವಸ್ವಾಮಿಗಳು ಪಂಚೆ ಎತ್ತಿ ಕಟ್ಟಿಕೊಂಡು ತಾವೇ ಪರದೆಯ ಹಿಂದಕ್ಕೆ ಓಡಿದರು. ಆಳಿನ ಕೆಲಸವೇನು ಬ್ರಹ್ಮವಿದ್ಯೆಯೇ ಎಂಬುದು ಅವರ ಲೆಕ್ಕ. ಹಗ್ಗ ಸಿಕ್ಕಿತು. ಜೋತುಬಿದ್ದು ಎಳೆದರು. ಬಟ್ಟೆ ತೆರೆಯಿತು, ಜನ ಕೇಕೆ ಹಾಕಿದರು. ಆದರೆ ಹಗ್ಗವನ್ನು ಗೂಟಕ್ಕೆ ಹೇಗೆ ಬಿಗಿಯುವುದು ಎಂದು ಗೊತ್ತಿಲ್ಲ. ಬಿಟ್ಟರೆ ಹೀರೋ ತಲೆ ಹೋಗುತ್ತದೆ. ಹಿಡಿದರೆ ಅಂಗೈ ಹೋಗುತ್ತದೆ. ಸಿದ್ದಯ್ಯ ನಿಧಾನವಾಗಿ ಬಂದು ಬಾಗಿಲ ಹೊರಗೇ ನಿಂತ.

ಮಹಾದೇವಸ್ವಾಮಿ: ಬಾರೋ ಒಳಕ್ಕೆ, ಹಿಡ್ಕೋ!

ಸಿದ್ದಯ್ಯ: ಹಗ್ಗದ ಹತ್ರ ಹೋಗಕೂಡದು ಅಂದಿದ್ದೀರಿ ಸಾ.

ಮಹಾದೇವಸ್ವಾಮಿ: ಈಗ ಬಾ ಅಂತಿದ್ದೀನಲ್ಲ!

ಸಿದ್ದಯ್ಯ: ಈಗ ಬತ್ತೀನಿ ಸಾ. ಮುಂದಿನ ತಿಂಗ್ಳು? ಈ ಪಿಚ್ಚರ್ ಓಡೋ ಓಟಕ್ಕೆ ಆಗ್ಲೂ ಇದೇ ಇರ್ತದೆ. ಹೇಮಂತಪ್ಪೋರ ಮೊಬೈಲಲ್ಲಿ ಹಗ್ಗ ಎಳ್ಯೋಕೆ ಬತ್ತದಾ?

ಮಹಾದೇವಸ್ವಾಮಿ: ಕೈ ಕಿತ್ತು ಬರ್ತಿದೆ ಕಣೋ!

ಸಿದ್ದಯ್ಯ: ನಂದೂ ಶುಕ್ರವಾರದಿಂದ ಅಂಗೇ ಸಾ.

ಆ ಕಡೆ ಪರದೆಯ ಮೇಲೆ ಯುದ್ಧದ ಮಧ್ಯೆ ಸದ್ದೆಲ್ಲ ಇದ್ದಕ್ಕಿದ್ದಂತೆ ನಿಂತಿತ್ತು. ಗುಂಡು ತಗುಲಿ ಬಿದ್ದ ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜನರಿಗೆ ಬೆನ್ನು ಹಾಕಿ ಹೀರೋ ಕೂತಿದ್ದ. ಸಂಗೀತವೂ ಇಲ್ಲ. ಸರಿಯಾಗಿ ಆ ಗಳಿಗೆಯಲ್ಲೇ ಪರದೆಯ ಹಿಂದಿನಿಂದ ಮಹಾದೇವಸ್ವಾಮಿಗಳ ಕೂಗು ಇಡೀ ಟಾಕೀಸಿಗೆ ಕೇಳಿಸಿತು.

ಮಹಾದೇವಸ್ವಾಮಿ: ನೀನು ಎಲ್ಲೂ ಹೋಗಬೇಡ ಕಣೋ! ನನ್ನ ಉಸಿರಿರೋವರೆಗೂ ನೀನು ನನ್ನ ಜೊತೆಗೇ ಇರ್ಬೇಕು! ಇದು ನನ್ನ ಮಾತು!

ಟಾಕೀಸು ಕಿತ್ತುಹೋಗುವಂತೆ ಶಿಳ್ಳೆ ಬಿತ್ತು. ಮುಂದಿನ ಸಾಲಿನವರು ಕಾಗದ ಹರಿದು ತೂರಿದರು. ಬಟ್ಟೆ ಎದ್ದಿದ್ದರಿಂದ ಕಣ್ಣು ಮುಚ್ಚಿ ಕೂತಿದ್ದ ಶಿವನಂಜಮ್ಮ ಆ ಒಂದು ಮಾತಿಗೆ ಗೊಳೋ ಎಂದು ಅತ್ತಳು. ಈ ಡೈಲಾಗಿಗೇ ಇನ್ನೊಂದು ಸಲ ಬರಬೇಕು ಎಂದು, ಆಗಲೇ ಸೀಟಿಗೆ ಮರಳಿದ್ದ ಬೆಟ್ಟಯ್ಯ ಪಕ್ಕದವನಿಗೆ ಹೇಳಿದ.

ಸಿದ್ದಯ್ಯ ಒಳಗೆ ಬಂದ. ಮಾಲೀಕರ ಕೈಯಿಂದ ಹಗ್ಗ ತೆಗೆದುಕೊಂಡು ಗೂಟಕ್ಕೆ ಎರಡು ಸುತ್ತು ಸುತ್ತಿ, ಮೇಲೊಂದು ಗಂಟು ಹಾಕಿದ.

ಸಿದ್ದಯ್ಯ: ಮುನ್ನೂರು ಜನ ಕೇಳವ್ರೆ ಸಾ. ನೀವಿನ್ನು ಈಚೆ ಬನ್ನಿ. ಮಾತಿನ ಸೀನು ಮುಗೀತು, ಇನ್ನು ಫೈಟು.