ಮೂರು ಪಂಕ್ತಿ ಉಂಡ ಮಂಡಿ

ಎಂಬತ್ತರ ದಶಕದ ಮಾತು. ಹೊನ್ನಾಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ, ನಲವತ್ತರ ಹತ್ತಿರ ಬಂದರೂ ಕಬಡ್ಡಿ ಆಡಬಲ್ಲೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನ ಇದ್ದದ್ದು ನನ್ನ ಹೆಂಡತಿ ಸರೋಜಳಿಗೆ. ನೌಕರರ ಕ್ರೀಡಾಕೂಟದ ದಿನ ಎದುರಾಳಿಗಳ ಅಂಗಳಕ್ಕೆ ನುಗ್ಗಿದೆ. ಪಾದವನ್ನು ನೆಲಕ್ಕೆ ಊರಿ, ಮೈಯನ್ನು ಮಾತ್ರ ಗರ್ರನೆ ತಿರುಗಿಸಿದೆ. ಬಲಮಂಡಿಯೊಳಗೆ ‘ಟಕ್’ ಎಂದಿತು. ಬಿದ್ದೆ. ಪಾಯಿಂಟೂ ಬರಲಿಲ್ಲ!

ಮಂಡಿ ಬಾತಿತು, ಇಳಿಯಿತು. ಆದರೆ ಅದಕ್ಕೊಂದು ಹೊಸ ಚಾಳಿ ಹತ್ತಿತು. ಮಡಚಿದರೆ ಕೆಲವೊಮ್ಮೆ ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಅಲ್ಲಾಡಿಸಿ, ತಿಕ್ಕಿ, ಬೈದು ಬಿಡಿಸಿಕೊಳ್ಳಬೇಕು. "ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರಿಸ್ರೀ" ಎಂದು ಸರೋಜ ದಿನಾ ಹೇಳುತ್ತಿದ್ದಳು. ಕಾಟ ತಾಳಲಾರದೆ ಒಂದು ದಿನ, "ತೋರಿಸ್ದೆ, ವಾಸಿ ಆಗೈತೆ" ಎಂದುಬಿಟ್ಟೆ. ತೋರಿಸಿರಲಿಲ್ಲ. ಆಪರೇಶನ್ ಎಂಬ ಮಾತು ಕೇಳಿದರೆ ಚೆನ್ನಾಗಿರುವ ಮಂಡಿಯೂ ನಡುಗುವ ಧೀರ ನಾನು.

ಇಂಥ ಹೊತ್ತಿನಲ್ಲಿ ಸಾಸ್ವೆಹಳ್ಳಿಯ ಮಾವನ ಮನೆಯಲ್ಲಿ ನಾದಿನಿಯ ಮದುವೆ ಬಂತು. ಗಂಡಿನ ಕಡೆಯವರು ಚನ್ನಗಿರಿಯವರು. ಮರ್ಯಾದಸ್ಥರು, ಅದಕ್ಕಿಂತ ಹೆಚ್ಚಾಗಿ, ಬೇರೆಯವರ ಮರ್ಯಾದೆಯನ್ನು ತೂಕ ಹಾಕುವವರು.

"ಹಿರೇ ಅಳಿಯಂದ್ರು ನೀವು. ಬೀಗರ ಜತಿಗೆ ಮೊದಲ್ನೇ ಪಂಕ್ತಿಗೆ ಕೂತ್ಕಳ್ರಿ. ನಮ್ಮನೆ ಮಾನ ನಿಮ್ಮ ಕೈಯಾಗೈತೆ" ಎಂದರು ಮಾವ.

ಕೈಯಲ್ಲಿದ್ದಿದ್ದರೆ ಹೇಗೋ ಕಾಪಾಡುತ್ತಿದ್ದೆ. ಅದು ಇದ್ದದ್ದು ಮಂಡಿಯಲ್ಲಿ!

ಚಪ್ಪರದಡಿ ಚಕ್ಕಳಮಕ್ಕಳ ಹಾಕಿ ಕುಳಿತು ಹೋಳಿಗೆಯಿಂದ ಮಜ್ಜಿಗೆಯವರೆಗೆ ಎಲ್ಲ ಮುಗಿಸಿದೆ. ಎಲ್ಲರೂ ಎದ್ದರು. ನಾನೂ ಎದ್ದೆ, ಅಂದರೆ ಮನಸ್ಸಿನಲ್ಲಿ. ಮಂಡಿ ಸಿಕ್ಕಿಕೊಂಡಿತ್ತು. ಎಡಗೈಯಿಂದ ಗುಟ್ಟಾಗಿ ತಿಕ್ಕಿದೆ. ಜಗ್ಗಲಿಲ್ಲ. ಎರಡನೇ ಪಂಕ್ತಿಗೆ ಕಾದವರು ನನ್ನ ನೆತ್ತಿಯನ್ನೇ ನೋಡುತ್ತ ಬೆನ್ನ ಹಿಂದೆ ನಿಂತಿದ್ದರು.

"ಏಳಲ್ವಾ ಅಳಿಯಂದ್ರೇ?" ಎಂದರು ವರನ ದೊಡ್ಡಪ್ಪ.

"ಈ ಪಂಕ್ತಿಗೂ ಕಂಪನಿ ಕೊಡಾನ ಅಂತ..." ಎಂದೆ.

ನಿಜ ಹೇಳಿದರೆ ಹೊಸ ಬೀಗರ ಎದುರು ಕುಂಟ ಅಳಿಯನಾಗುತ್ತಿದ್ದೆ, ಸರೋಜಳ ಎದುರು ಸುಳ್ಳುಗಾರ. ಹೊಸ ಎಲೆ ಬಂತು. ಬಡಿಸಿದ್ದನ್ನು ಮುಟ್ಟದೆ ಕೂರುವುದು ಅನ್ನಕ್ಕೆ ಅವಮಾನವಲ್ಲವೇ? ಉಂಡೆ. ಆ ಪಂಕ್ತಿಯೂ ಎದ್ದಿತು. ಮಂಡಿ ಏಳಲಿಲ್ಲ!

ಮೂರನೆಯದು ಹೆಂಗಸರ ಪಂಕ್ತಿ. ಎಡಕ್ಕೆ ವರನ ಸೋದರತ್ತೆ, ಬಲಕ್ಕೆ ವರನ ಅಜ್ಜಿ. ನಡುವೆ ನಾನು, ನನ್ನ ಮುಂದೆ ಮತ್ತೊಂದು ಎಲೆ.

"ಪಾಪ, ಉಣ್ಲಿ ಬಿಡ್ರೇ. ಮನ್ಯಾಗೆ ಹೊಟ್ಟೆತುಂಬ ಹಾಕಲ್ಲ ಅಂತ ಕಾಣ್ತೈತೆ" ಎಂದರು ಅಜ್ಜಿ.

ಎದುರು ಸಾಲಿನಲ್ಲಿದ್ದ ಸರೋಜ ಇದನ್ನು ಕೇಳಿಸಿಕೊಂಡಳು. ತುತ್ತು ಬಿಟ್ಟು ಎದ್ದು ಬಂದಳು.

"ರೀ, ಏನ್ರೀ ಇದು? ಏಳ್ರೀ ಮೊದ್ಲು!"

"ಮಂಡಿ ಸಿಕ್ಕೊಂಡೈತೆ ಕಣೇ."

"ವಾಸಿ ಆಗೈತೆ ಅಂದಿದ್ರಿ?"

"ಅಂದಿದ್ದೆ" ಎಂದೆ.

ನಾಲ್ವರು ಬಂದು, ದೇವರನ್ನು ಹೊರಗೆ ತರುವಂತೆ, ಕುಳಿತ ಭಂಗಿಯಲ್ಲೇ ನನ್ನನ್ನು ಎತ್ತಿ ತಂದರು. ದೇವರು ತೇಗುವುದಿಲ್ಲ, ಅಷ್ಟೇ ವ್ಯತ್ಯಾಸ. "ಹಿರೇ ಅಳಿಯ ಮೂರು ಪಂಕ್ತಿ ಉಂಡು ಏಳಾಕೆ ಆಗ್ಲಿಲ್ಲಂತೆ" ಎಂಬ ಸುದ್ದಿ ಬೀಗರ ಜೊತೆಯಲ್ಲೇ ಚನ್ನಗಿರಿ ಬಸ್ಸು ಹತ್ತಿತು.

ಸರೋಜ ನನ್ನನ್ನು ದಾವಣಗೆರೆಗೆ ಎಳೆದುಕೊಂಡು ಹೋದಳು. "ನೋಡಿ, ತೊಡೆಯ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಎರಡು ಮೆತ್ತೆ ಇರ್ತವೆ, ಅರ್ಧಚಂದ್ರದ ಆಕಾರ" ಎಂದರು ಡಾಕ್ಟರು. "ನಿಮ್ಮದೊಂದು ಹರಿದು ಕೀಲಿನೊಳಗೆ ಮಡಚಿಕೊಂಡಿದೆ. ಬಾಗಿಲ ಸಂದಿಗೆ ಬಟ್ಟೆ ಸಿಕ್ಕಿದ ಹಾಗೆ. ಕೊಯ್ದು ತೆಗೀಬೇಕು."

"ಮಾತ್ರೆಯಲ್ಲಿ ಹೋಗಲ್ವಾ ಸಾರ್?"

"ಬಾಗಿಲಿಗೆ ಮಾತ್ರೆ ಕೊಡ್ತೀರಾ?"

ಕೊಯ್ದರು. ಹೊಲಿಗೆ, ಪಟ್ಟಿ, ಊರುಗೋಲು ಎಲ್ಲ ಆಯಿತು. ತೊಡೆ ಸೊರಗದಿರಲಿ ಎಂದು ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಎತ್ತಿ ಇಳಿಸುವ ಶಿಕ್ಷೆ ಬೇರೆ. ಕಾಲೇನೋ ನೆಟ್ಟಗಾಯಿತು. ಮಾನ ಮಾತ್ರ ಮಡಚಿಕೊಂಡೇ ಇತ್ತು. "‘ನಿಮ್ಮ ಭಾವಂಗೆ ಇವತ್ತು ಎಷ್ಟು ಪಂಕ್ತಿ’ ಅಂತ ದಿನಾ ನಗ್ತಾರಕ್ಕಾ" ಎಂದು ನಾದಿನಿ ಸರೋಜಳ ಮುಂದೆ ಅತ್ತಳಂತೆ. ಪಾಪದ ಹುಡುಗಿ. ನನಗೆ ನಿಜವಾಗಿಯೂ ಸಂಕಟವಾಯಿತು. ಆದರೆ ನನ್ನ ಬಳಿ ಸಾಕ್ಷಿ ಇತ್ತು! ಡಾಕ್ಟರನ್ನು ಕಾಡಿ ಬೇಡಿ, ಕೊಯ್ದು ತೆಗೆದ ಮೆತ್ತೆಯನ್ನು ಬಾಟಲಿಯಲ್ಲಿ ಹಾಕಿಸಿಕೊಂಡು ಬಂದಿದ್ದೆ.

ಮಳೆಗಾಲ ಕಳೆದು ಬೀಗರು ಹೊಸ ಮನೆಯ ಪ್ರವೇಶಕ್ಕೆ ಕರೆದರು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ದೊಡ್ಡಪ್ಪನವರ ಮುಂದೆ ಬಾಟಲಿ ಇಟ್ಟೆ.

"ಉಣ್ಣೋ ಜಾಗದಾಗೆ ಮಂಡಿ ತಂದಿಡ್ತೀರಲ್ರೀ!" ಎಂದು ಸರೋಜ ಬಾಯಿಗೆ ಸೆರಗು ಒತ್ತಿಕೊಂಡಳು.

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಪಾಠದಂತೆ ಒಪ್ಪಿಸಿದೆ. ದೊಡ್ಡಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದರು. ಈರುಳ್ಳಿ ಹೋಳಿನಂಥ ಬಿಳಿ ಚೂರೊಂದು ತೇಲುತ್ತಿತ್ತು.

"ಇಷ್ಟೇನಾ? ಇಷ್ಟು ಚೂರು ಇಷ್ಟು ದೊಡ್ಡ ಆಳನ್ನ ಹಿಡ್ದು ಕೂರಿಸ್ತು ಅಂದ್ರೆ ಯಾರು ನಂಬ್ತಾರೆ? ಹೋಳಿಗೆ ಚೆನ್ನಾಗಿತ್ತು, ಉಂಡೆ ಅನ್ರಿ. ನಾವೇನು ಬ್ಯಾಡ ಅಂದ್ವಾ?"

ನನಗೂ ಹಟ ಬಂತು. ಪಂಕ್ತಿಗೆ ಕುಳಿತೆ. ಹೊಟ್ಟೆ ಹಸಿವಿನಿಂದ ಕೂಗುತ್ತಿದ್ದರೂ ಒಂದೇ ಹೋಳಿಗೆ ತಿಂದು, ಯಾರ ಕೈಯನ್ನೂ ಹಿಡಿಯದೆ, ಎಲ್ಲರಿಗಿಂತ ಮೊದಲು ಸರ್ರನೆ ಎದ್ದು ನಿಂತೆ. ನೋಡ್ರಪ್ಪಾ ಮಂಡಿ!

ಇಡೀ ಪಂಕ್ತಿಯ ಕೈ ಬಾಯಿಯ ಹತ್ತಿರವೇ ನಿಂತಿತು.

"ಅಯ್ಯೋ, ಹಿರಿಯರು ಇನ್ನೂ ಉಣ್ತಾ ಇರುವಾಗ್ಲೇ ಎದ್ರಲ್ಲ!" ಎಂದರು ಅಜ್ಜಿ. "ಅವರ ಮಾವನ ಮನ್ಯಾಗೆ ಮೂರು ಪಂಕ್ತಿ ಉಂಡೋರಿಗೆ ನಮ್ಮನೆ ಅನ್ನ ಸೇರ್ಲಿಲ್ಲೇನು?"

ಮಾವ ಕಣ್ಣು ಕೆಂಪಗೆ ಮಾಡಿದರು. ನಾದಿನಿ ಬಾಗಿಲ ಮರೆಯಲ್ಲಿ ಹಣೆ ಬಡಿದುಕೊಂಡಳು.

ನಾನು ಮತ್ತೆ ಕುಳಿತೆ. ಇನ್ನೊಂದು ಎಲೆ ಹಾಕಿದರು!