ಗುಬ್ಬಿ ಸ್ಟೇಷನ್ನಿನ ಬುಧವಾರ

ಪುರುಸೊತ್ತಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಬಗೆಯ ಜಂಭವಿದೆ. ಹೊಸ ಬಳೆ ತೊಟ್ಟವಳು ಮಾತಿಗೊಮ್ಮೆ ಕೈ ಆಡಿಸುವ ಹಾಗೆ ನಾನು ಮಾತಿಗೊಮ್ಮೆ, "ಅಯ್ಯೋ, ನಂಗೆಲ್ಲಿ ಪುರುಸೊತ್ತು!" ಎನ್ನುತ್ತಿದ್ದೆ. ಮನೆ ತುಮಕೂರಿನ ಸದಾಶಿವನಗರದಲ್ಲಿ, ಕೆಲಸ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು. ಮನೆಯಲ್ಲಿ ಅತ್ತೆ, ಗಂಡ, ಪಿಯುಸಿ ಓದುವ ಮಗಳು. ಹಲ್ಲುಜ್ಜುತ್ತಲೇ ಹುರುಳಿಕಾಯಿಯ ನಾರು ತೆಗೆಯುವ ವಿದ್ಯೆ ನನಗೆ ಸಿದ್ಧಿಸಿತ್ತು. ಸೀರೆಯ ನೆರಿಗೆಯನ್ನು ಆಟೋದಲ್ಲಿ ಸರಿಮಾಡಿಕೊಂಡು, ಜಡೆಯನ್ನು ಬಸ್ಸಿನಲ್ಲಿ ಹೆಣೆದುಕೊಂಡು, ಗುಬ್ಬಿ ಬರುವ ಹೊತ್ತಿಗೆ ಪೂರ್ತಿ ತಯಾರಾಗಿರುತ್ತಿದ್ದೆ. "ಹತ್ತುವಾಗ ಒಬ್ರು, ಇಳಿಯುವಾಗ ಇನ್ನೊಬ್ರು ಮೇಡಂ ನೀವು," ಎಂದು ಕಂಡಕ್ಟರ್ ಒಮ್ಮೆ ನಕ್ಕಿದ್ದ. ನಾನು ಅದನ್ನೂ ಹೊಗಳಿಕೆ ಎಂದೇ ತಿಳಿದಿದ್ದೆ.

ಈ ಜಂಭಕ್ಕೆ ಮೊದಲ ಏಟು ಬಿದ್ದದ್ದು ಒಂಬತ್ತನೇ ತರಗತಿಯಲ್ಲಿ. ಒಬ್ಬ ಹುಡುಗಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಳು. ನಾನು ಹಾಜರಿ ಪುಸ್ತಕ ತುಂಬುತ್ತ, ಮನಸ್ಸಿನಲ್ಲಿ ಸಂಜೆಯ ಅಡುಗೆ ಮುಗಿಸುತ್ತ ಇದ್ದೆ. "ಮಿಸ್, ಮುಂದೆ ಏನ್ ಮಾಡ್ಲಿ?" ಎಂದು ಕೇಳಿದಳು. ನಾನು ತಲೆಯೆತ್ತದೆ, "ಮೂರು ಸೀಟಿ ಆದ್ಮೇಲೆ ಆಫ್ ಮಾಡು," ಎಂದೆ. ಇಡೀ ತರಗತಿ ಘೊಳ್ಳೆಂದಿತು. ನಾನೂ ನಕ್ಕೆನೆನ್ನಿ. ಆದರೆ ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತಾಗ ಒಂದಿಷ್ಟು ಭಯವಾಯಿತು. ಶಾಲೆಯಲ್ಲಿದ್ದಾಗ ಅಡುಗೆಮನೆಯಲ್ಲಿರುತ್ತೇನೆ, ಅಡುಗೆಮನೆಯಲ್ಲಿದ್ದಾಗ ಶಾಲೆಯಲ್ಲಿರುತ್ತೇನೆ, ಹಾಗಾದರೆ ನಾನಿರುವುದು ಎಲ್ಲಿ?

ಉತ್ತರ ಸಿಕ್ಕಿದ್ದು ಒಂದು ಬುಧವಾರ. ಅಂದು ಸಂಜೆ ನಮ್ಮ ಬಸ್ಸು ಕೆಟ್ಟು ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೈಲಿಗಾದರೂ ಹೋಗೋಣವೆಂದು ಸ್ಟೇಷನ್ನಿಗೆ ಓಡಿದರೆ, ಅದು ಒಂದು ಗಂಟೆ ತಡವಂತೆ. ಸಿಟ್ಟಿನಿಂದ ಬೆಂಚಿನ ಮೇಲೆ ಕೂತು, ಟೆಸ್ಟ್ ಪೇಪರಾದರೂ ತಿದ್ದೋಣವೆಂದು ಚೀಲ ತೆಗೆದೆ. ಕೆಂಪು ಪೆನ್ನಿನ ಇಂಕು ಮುಗಿದಿತ್ತು. ಮೊಬೈಲಿನ ಚಾರ್ಜೂ ಮುಗಿದಿತ್ತು. ಮಾಡಲು ಏನೂ ಉಳಿದಿರಲಿಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂಬುದೇ ತಿಳಿಯದೆ ತೊಡೆಯ ಮೇಲೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಆಗ ಬೇಯಿಸಿದ ಕಡಲೆಕಾಯಿ ಮಾರುವ ಅಜ್ಜಿಯೊಬ್ಬಳು ಬಂದಳು. ಒಂದು ಪೊಟ್ಟಣ ಕೊಂಡು ಗಬಗಬನೆ ತಿನ್ನತೊಡಗಿದ ನನ್ನನ್ನು ನೋಡಿ, "ಒಂದೊಂದೇ ಬಿಡಿಸ್ಕೊಂಡ್ ತಿನ್ನವ್ವ. ಯಾರು ನಿನ್ನ ಅಟ್ಟಿಸ್ಕಂಡ್ ಬಂದವ್ರೆ?" ಎಂದಳು.

ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಒಂದೊಂದೇ ಬಿಡಿಸಿದೆ. ಕಾಯಿಯೊಳಗಿನ ಉಪ್ಪುನೀರನ್ನು ಚಿಕ್ಕವಳಾಗಿದ್ದಾಗಿನ ಹಾಗೆ ಸೊರಕ್ಕನೆ ಹೀರಿದೆ. ಹಳಿಯಾಚೆ ತೆಂಗಿನ ಗರಿಗಳ ಮೇಲೆ ಬಿಸಿಲು ಇಳಿಯುವುದನ್ನು ನೋಡಿದೆ. ಒಂದು ನಾಯಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಹೋಗಿ, ಏನೂ ಕೆಲಸವಿಲ್ಲದೆ ವಾಪಸ್ಸು ಬಂತು. ಅದನ್ನೂ ಪೂರ್ತಿ ನೋಡಿದೆ. ರೈಲು ಬಂದಾಗ, ಇಷ್ಟು ಬೇಗ ಬಂತೇ ಎಂದು ಬೇಜಾರಾಯಿತು.

ಮುಂದಿನ ಬುಧವಾರ ಬಸ್ಸು ಸರಿಯಾಗಿಯೇ ಇತ್ತು. ಆದರೂ ನನ್ನ ಕಾಲು ಸ್ಟೇಷನ್ನಿನ ಕಡೆ ತಿರುಗಿತು. ಮನೆಯಲ್ಲಿ ಏನು ಹೇಳುವುದು? ಒಂದು ಗಂಟೆ ಸುಮ್ಮನೆ ಕೂತಿದ್ದೆ ಎಂದರೆ ಯಾರಾದರೂ ನಂಬುತ್ತಾರೆಯೇ? "ಇನ್ಮೇಲೆ ಬುಧವಾರ ಸ್ಪೆಷಲ್ ಕ್ಲಾಸು ಕಣ್ರೀ," ಎಂದುಬಿಟ್ಟೆ. ನನ್ನ ಗಂಡ ಚಂದ್ರು ಸಾಧು ಮನುಷ್ಯರು. "ಮಕ್ಕಳಿಗೋಸ್ಕರ ಎಷ್ಟು ಕಷ್ಟಪಡ್ತೀಯ," ಎಂದು ಬುಧವಾರ ತಾವೇ ಅನ್ನಕ್ಕಿಡತೊಡಗಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವರು ನನ್ನ ತ್ಯಾಗವನ್ನು ಸಿಕ್ಕಸಿಕ್ಕವರಿಗೆಲ್ಲ ಬಣ್ಣಿಸತೊಡಗಿದರು. ಕುಣಿಗಲ್ಲಿನಲ್ಲಿರುವ ನಾದಿನಿ ಮಂಜುಳಾ ಫೋನ್ ಮಾಡಿ, "ಆರೋಗ್ಯ ನೋಡ್ಕೊಳ್ಳಿ ಅತ್ತಿಗೆ," ಎಂದು ಬಿಕ್ಕಿದಳು. ಆ ಬುಧವಾರ ಕಡಲೆಕಾಯಿ ರುಚಿಸಲಿಲ್ಲ.

ಮೂರು ತಿಂಗಳು ಹೀಗೇ ನಡೆಯಿತು. ಆಮೇಲೆ ಗೂಳೂರಿನಲ್ಲಿ ಬಂಧುಗಳ ಗೃಹಪ್ರವೇಶ ಬಂತು. ನಾವು, ಅತ್ತೆ, ಮಂಜುಳಾ ಎಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದೆವು. ಎದುರು ಸಾಲಿನಲ್ಲಿ ನೋಡಿದರೆ ನಮ್ಮ ಹೆಡ್‌ಮಾಸ್ಟರು! ಅವರು ಆ ಬಂಧುಗಳಿಗೆ ದೂರದ ನೆಂಟರಂತೆ. ನಾನು ಎಲೆಯೊಳಗೆ ಮುಖ ಹುದುಗಿಸಿದೆ. ಚಂದ್ರು ಮಾತ್ರ ಉತ್ಸಾಹದಿಂದ ಕೈಮುಗಿದು, "ಸಾರ್, ಇವಳ ಸ್ಪೆಷಲ್ ಕ್ಲಾಸ್ ಹೆಂಗ್ ನಡೀತಿದೆ?" ಎಂದು ಕೇಳಿಬಿಟ್ಟರು.

ಹೆಡ್‌ಮಾಸ್ಟರು ಹೋಳಿಗೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಸ್ಪೆಷಲ್ ಕ್ಲಾಸಾ? ಯಾವ್ದು ಮೇಡಂ?"

ಒಂದು ಕ್ಷಣ ಪಲ್ಯ, ಕೋಸಂಬರಿ, ಹಪ್ಪಳ ಎಲ್ಲವೂ ನನ್ನನ್ನೇ ನೋಡಿದಂತಾಯಿತು. ಹೊಸದೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಕಾಪಾಡಿಕೊಂಡು ಹೋಗಲು ಮತ್ತೆಷ್ಟು ಓಡಾಡಬೇಕೋ ಎನ್ನಿಸಿ ಸುಸ್ತಾಯಿತು. "ಸ್ಪೆಷಲ್ ಕ್ಲಾಸ್ ಇಲ್ಲ," ಎಂದೆ. "ಬುಧವಾರ ಸಂಜೆ ನಾನು ಗುಬ್ಬಿ ಸ್ಟೇಷನ್ನಲ್ಲಿ ಕೂತಿರ್ತೀನಿ."

"ಯಾರ ಜೊತೆ?" ಎಂದಳು ಮಂಜುಳಾ, ತುತ್ತು ಕೈಯಲ್ಲೇ ಹಿಡಿದು.

"ಯಾರ ಜೊತೆನೂ ಇಲ್ಲ. ಚೆನ್ನಾಗಿರೋದೇ ಅದು. ಕಡಲೆಕಾಯಿ ತಿಂತೀನಿ. ಸುಮ್ನೆ ಕೂತಿರ್ತೀನಿ. ಒಂದು ಗಂಟೆ. ಅದು ನಂದು."

ಬಡಿಸುವವನ ಸಾರಿನ ಸೌಟು ಗಾಳಿಯಲ್ಲೇ ನಿಂತಿತು. ಚಂದ್ರು ಮುಖ ಸಣ್ಣದು ಮಾಡಿಕೊಂಡು, "ನಂಗೆ ಹೇಳ್ಬೋದಿತ್ತಲ್ಲ," ಎಂದರು. ಸುಳ್ಳು ಹೇಳಿದ ತಪ್ಪು ನನ್ನದೇ. "ತಪ್ಪಾಯ್ತು ಕಣ್ರೀ. ಆದ್ರೆ ಆ ಗಂಟೆ ಮಾತ್ರ ಬಿಡಲ್ಲ," ಎಂದೆ.

ಆಗ ನನ್ನ ಪಕ್ಕದಿಂದ ಅತ್ತೆಯ ಧ್ವನಿ ಬಂತು. ಎಪ್ಪತ್ತೆಂಟು ವರ್ಷದ ಅವರು ಊಟದ ನಡುವೆ ಮಾತಾಡುವವರಲ್ಲ. "ಕೂತ್ಕಳ್ಳಿ ಬುಡ್ಲಾ ಚಂದ್ರು. ನಾನು ನಮ್ಮೂರು ಕೋರದಲ್ಲಿದ್ದಾಗ ಬಟ್ಟೆ ಒಗಿಯಕ್ಕೆ ಅಂತ ಕೆರೆಗೆ ಹೋಗ್ತಿರ್ಲಿಲ್ವಾ? ಒಗೀತಿದ್ದಿದ್ದು ಅರ್ಧ ಗಂಟೆ. ಮಿಕ್ಕಿದ್ದೊತ್ತೆಲ್ಲ ಕಲ್ಲ್ ಮ್ಯಾಲೆ ಕೂತು ನೀರಿಗೆ ಕಾಲ್ ಇಳಿಬಿಟ್ಕಂಡಿರ್ತಿದ್ದೆ."

"ಬಟ್ಟೆ ಜಾಸ್ತಿ ಇತ್ತು ಅಂತಿದ್ಯಲ್ಲವ್ವಾ!" ಎಂದರು ಚಂದ್ರು, ಗಾಬರಿಯಿಂದ.

"ನಿಮ್ಮಪ್ಪನ್ಗೂ ಹಂಗೇ ಅಂದಿದ್ದೆ," ಎಂದು ಅತ್ತೆ ತಣ್ಣಗೆ ಮಜ್ಜಿಗೆ ಕುಡಿದರು.

ಇಡೀ ಸಾಲು ನಕ್ಕಿತು. ಹೆಡ್‌ಮಾಸ್ಟರು ನಕ್ಕ ರಭಸಕ್ಕೆ ಅವರ ಹಪ್ಪಳ ಪುಡಿಯಾಯಿತು. ಮಂಜುಳಾ ಮಾತ್ರ ನಗಲಿಲ್ಲ. ಕೈತೊಳೆಯುವಾಗ ಹತ್ತಿರ ಬಂದು, "ಅತ್ತಿಗೆ, ಕುಣಿಗಲ್ ಕೆರೆ ಏರಿ ಮೇಲೂ ಕೂರೋಕೆ ಜಾಗ ಇದೆ ಅಲ್ವಾ?" ಎಂದು ಪಿಸುಗುಟ್ಟಿದಳು. ಆ ವಾರದಿಂದಲೇ ಕೂರತೊಡಗಿದಳು, ಅದೂ ಗಂಡನಿಗೆ ಹೇಳಿಯೇ. ನಮ್ಮ ಮನೆಯಲ್ಲಿ ಬುಧವಾರಕ್ಕೆ ಅಧಿಕೃತ ಮಾನ್ಯತೆ ಸಿಕ್ಕಿತು. ಚಂದ್ರು ಅನ್ನದಿಂದ ತಿಳಿಸಾರಿಗೆ ಬಡ್ತಿ ಪಡೆದರು. ಮುನಿಸು ಎರಡು ದಿನವಿತ್ತು, ಮೂರನೆಯ ದಿನ, "ಕಡಲೆಕಾಯಿ ನಂಗೂ ಒಂದ್ ಪೊಟ್ಣ ತಾ," ಎಂದರು. ಯುದ್ಧ ಗೆದ್ದ ರಾಣಿಯ ಹಾಗೆ ನಾನು ತಲೆಯೆತ್ತಿ ಸ್ಟೇಷನ್ನಿಗೆ ನಡೆದೆ.

ಗೆದ್ದ ಸುದ್ದಿ ಸ್ಟಾಫ್ ರೂಮಿಗೂ ಮುಟ್ಟಿತು. ಕನ್ನಡ ಮೇಡಂ, ವಿಜ್ಞಾನದ ಮೇಡಂ, ಹೊಲಿಗೆ ಟೀಚರು, ಮೂವರೂ ತಾವೂ ಬರುತ್ತೇವೆಂದರು. ಬರಲಿ, ಒಳ್ಳೆಯದೇ. ನಾನು ತಕ್ಷಣ ಒಂದು ವಾಟ್ಸಾಪ್ ಗುಂಪು ಮಾಡಿದೆ. ಎಷ್ಟು ಗಂಟೆಗೆ ಬರಬೇಕು, ಯಾರು ಎಲ್ಲಿ ಕೂರಬೇಕು, ಮನೆಯ ವಿಷಯ ಎತ್ತಬಾರದು ಎಂದೆಲ್ಲ ಬರೆದು ಹಾಕಿದೆ. ಕಳೆದ ಬುಧವಾರ ಹೊಲಿಗೆ ಟೀಚರು ಹತ್ತು ನಿಮಿಷ ತಡವಾಗಿ ಬಂದರು. ನಾನು ಗಡಿಯಾರ ನೋಡಿ, "ಏನ್ರೀ ಇದು, ಸುಮ್ನೆ ಕೂರೋದಕ್ಕೂ ಲೇಟಾ?" ಎಂದು ಗದರಿಬಿಟ್ಟೆ. ಅವರು ನಿಧಾನವಾಗಿ ಕೂತರು, ಚಪ್ಪಲಿ ಕಳಚಿದರು, ಕಾಲು ಚಾಚಿದರು, ಕಣ್ಣು ಮುಚ್ಚಿದರು. ಉಳಿದಿಬ್ಬರ ಕಣ್ಣು ಆಗಲೇ ಮುಚ್ಚಿತ್ತು. ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತು, ಎಲ್ಲರೂ ಸರಿಯಾಗಿ ವಿಶ್ರಾಂತಿ ಪಡೆಯುತ್ತಿದ್ದಾರೆಯೇ ಎಂದು ಕಾವಲು ಕಾಯುತ್ತಿದ್ದವಳು ನಾನೊಬ್ಬಳೇ.