ಹೆಂಡತಿಗೆ ಕೊಟ್ಟ ಕೃಪಾಂಕ

ಮೂರ್ನಾಡಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ಈ ಗಜಾನನ ಮೇಷ್ಟ್ರ ಕೈಯಲ್ಲಿ ಒಬ್ಬ ವಿದ್ಯಾರ್ಥಿಯೂ ಫೇಲಾದದ್ದಿಲ್ಲ! ಅಂಥವನು ಸ್ವಂತ ಹೆಂಡತಿಯನ್ನು ಫೇಲಾಗಲು ಬಿಡುತ್ತೇನೆಯೇ? ಕಾತ್ಯಾಯನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋದಾಗ ಮೈಸೂರಿನ ಆಸ್ಪತ್ರೆಯಲ್ಲೇ ಶಪಥ ಮಾಡಿದೆ: ಆರೇ ತಿಂಗಳಲ್ಲಿ ಇವಳು ಮಡಿಕೇರಿಯ ಏರುರಸ್ತೆಗಳಲ್ಲಿ ಓಡಾಡುವಂತೆ ಮಾಡುತ್ತೇನೆ!

ಏಳು ತಿಂಗಳಾಯಿತು. ಓಡಾಡುತ್ತಿರುವವನು ನಾನು. ಬೆಳಿಗ್ಗೆ ಬಿ.ಪಿ. ಮಾತ್ರೆ, ತಿಂಡಿಯಾದ ಮೇಲೆ ರಕ್ತ ತೆಳುವಾಗುವ ಮಾತ್ರೆ, ದಿನಕ್ಕೆರಡು ಸಲ ವ್ಯಾಯಾಮ, ತಿಂಗಳಿಗೊಮ್ಮೆ ಮೈಸೂರು. ಕಾತ್ಯಾಯನಿಗಿದ್ದದ್ದು ಒಂದೇ ಆಸೆ.

"ರೀ, ನನಗೆ ರಸ್ತೆ ಗಿಸ್ತೆ ಏನೂ ಬೇಡ. ಬಚ್ಚಲಿಗೆ ನಾನೇ ಹೋಗಿಬರೋ ಹಾಗಾದ್ರೆ ಸಾಕು. ನಿಮ್ಮ ಕೈಲಿ ಬೆಡ್‌ಪ್ಯಾನ್ ಹಿಡಿಸೋವಾಗ ಜೀವ ಹಿಡಿಯಷ್ಟಾಗುತ್ತೆ."

ಆರನೆಯ ತಿಂಗಳಿಗೆ ವಾಕರ್ ಹಿಡಿದುಕೊಂಡು ಬಚ್ಚಲ ತನಕ ಹೋಗುವುದು ಹೇಗೋ ಸಾಧ್ಯವಾಗಿ, ಬೆಡ್‌ಪ್ಯಾನ್ ಅಟ್ಟ ಸೇರಿತು. ವ್ಯಾಯಾಮ ಹೇಳಿಕೊಡಲು ವಾರಕ್ಕೊಮ್ಮೆ ಗಾಳಿಬೀಡಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ತನ್ಮಯೀ ನನ್ನದೇ ಹಳೆಯ ವಿದ್ಯಾರ್ಥಿನಿ. ಒಂದು ದಿನ ನೋಟ್‌ಬುಕ್ ಕೊಟ್ಟು, "ಸರ್, ವಾಕರ್ ಇಲ್ದೆ ಅಮ್ಮ ದಿನಾ ಎಷ್ಟು ಹೆಜ್ಜೆ ಇಡ್ತಾರೆ ಅಂತ ಬರ್ದಿಡಿ. ಅದನ್ನ ನೋಡ್ಕೊಂಡು ಮುಂದಿನದು ಹೇಳ್ತೀನಿ" ಎಂದಳು.

ಮೊದಲ ದಿನ "೨" ಎಂದು ಬರೆದೆ. ಕಾತ್ಯಾಯನಿ ಅದನ್ನು ನೋಡಿದಳು. ಗೋಡೆಯ ಕಡೆ ಮುಖ ತಿರುಗಿಸಿ ಅತ್ತವಳು ಊಟಕ್ಕೂ ಏಳಲಿಲ್ಲ. ಮರುದಿನವೂ ಎರಡೇ. ಪುಸ್ತಕವನ್ನು ಅವಳ ಕಣ್ಣಿಗೆ ಬೀಳದಂತೆ ಕಪಾಟಿನೊಳಗೆ ಸೇರಿಸಿದೆ. ಬಚ್ಚಿಟ್ಟ ಮೇಲೆ ಎರಡನ್ನೇ ಬರೆಯಬೇಕೆಂದೇನೂ ಇಲ್ಲವಲ್ಲ! ಮೂವತ್ತೆರಡು ಬಂದ ಹುಡುಗರನ್ನು ಮೂವತ್ತೈದಕ್ಕೆ ದೂಡಿ ದೂಡಿ ಪಳಗಿದ ಕೈ, ತಾನಾಗಿಯೇ "೫" ಎಂದು ಬರೆಯಿತು.

"ಪರ್ವಾಗಿಲ್ವೇ ಸರ್!" ಎಂದಳು ತನ್ಮಯೀ.

ಆ ಹೊಗಳಿಕೆ ತಲೆಗೇರಿತು ನೋಡಿ! ಮುಂದಿನ ವಾರ ಹನ್ನೆರಡು, ಅದರ ಮುಂದಿನ ವಾರ ಇಪ್ಪತ್ತು, ನಾಲ್ಕನೆಯ ವಾರಕ್ಕೆ ಮೂವತ್ತು! ಅವಳು ಬಂದಾಗಲೆಲ್ಲ ಕೈಬೆರಳಿನ ಕೆಲಸದಲ್ಲೇ ಹೊತ್ತು ಹೋಗುತ್ತಿತ್ತು. ಗಣಿತದ ಮೇಷ್ಟ್ರ ಲೆಕ್ಕವನ್ನು ಅನುಮಾನಿಸುವ ಬುದ್ಧಿ ಪಾಪ, ಆ ಹುಡುಗಿಗೆ ಬರಲೇ ಇಲ್ಲ. ಪುಸ್ತಕದಲ್ಲಿ ಇದೇ ವೇಗದಲ್ಲಿ ನಡೆದಿದ್ದರೆ ಕಾತ್ಯಾಯನಿ ದಸರೆಯ ಹೊತ್ತಿಗೆ ಮೈಸೂರು ಮುಟ್ಟುತ್ತಿದ್ದಳು. ಮನೆಯೊಳಗೆ ಮಾತ್ರ ಎರಡೇ ಹೆಜ್ಜೆ.

ಕಳೆದ ಮಂಗಳವಾರ ತನ್ಮಯೀ ಬಂದವಳೇ ವಾಕರನ್ನು ಎತ್ತಿ ಮೂಲೆಗಿಟ್ಟಳು.

"ಮೂವತ್ತು ಹೆಜ್ಜೆ ಇಡೋರಿಗೆ ಇನ್ನು ಇದ್ಯಾಕಮ್ಮ? ಬನ್ನಿ, ಬಾಗಿಲ ತನಕ ನಡ್ದು ತೋರ್ಸಿ."

"ಮೂವತ್ತಾ?" ಕಾತ್ಯಾಯನಿ ನನ್ನ ಕಡೆ ನೋಡಿದಳು.

ನಾನು ಬಾಯಿ ಬಿಡಬೇಕಿತ್ತು. ಶಿಷ್ಯೆಯ ಎದುರು ಮಾನ ಹೋದೀತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುತ್ತಾ ನಿಂತೆ. ಮೂವತ್ತೊಂಬತ್ತು ವರ್ಷ ನನ್ನೊಡನೆ ಏಗಿದವಳಿಗೆ ಅಷ್ಟೇ ಸಾಕಾಯಿತು, ಎಲ್ಲ ಅರ್ಥವಾಯಿತು. ಆದರೂ ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ಹಲ್ಲು ಕಚ್ಚಿಕೊಂಡು ಎದ್ದಳು. ಒಂದು. ಎರಡು. ನನ್ನ ಮರ್ಯಾದೆ ಉಳಿಸಲು ಮೂರನೆಯದಕ್ಕೂ ಕಾಲೆತ್ತಿದಳು, ಪುಣ್ಯಾತ್ಗಿತ್ತಿ!

ವಾಲಿದವಳನ್ನು ತನ್ಮಯೀ ಹಿಡಿದೇ ಬಿಡುತ್ತಿದ್ದಳು. ಅಷ್ಟರಲ್ಲಿ ನಾನು ಹಾರಿದೆ! ಹಾರಿ ಇಬ್ಬರನ್ನೂ ಕೆಡವಿದೆ. ಆ ಕೋಣೆಯಲ್ಲಿ ಕೊನೆಗೆ ನೆಟ್ಟಗೆ ನಿಂತಿದ್ದದ್ದು ವಾಕರ್ ಒಂದೇ.

ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಆದರೆ ರಕ್ತ ತೆಳುವಾಗುವ ಮಾತ್ರೆ ನುಂಗುವವಳಲ್ಲವೇ, ಮಂಡಿ ತೆಂಗಿನಕಾಯಿಯಷ್ಟು ಊದಿ ಕಪ್ಪಾಯಿತು. ಮೂರು ವಾರ ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಹೇಳಿದರು. ಅಟ್ಟ ಸೇರಿದ್ದ ಬೆಡ್‌ಪ್ಯಾನ್ ಮತ್ತೆ ಕೆಳಗಿಳಿಯಿತು. ನಾನು ಅದನ್ನು ತಂದಾಗ ಕಾತ್ಯಾಯನಿ ಎಡಗೈಯಿಂದ ಸೆರಗೆಳೆದು ಮುಖ ಮುಚ್ಚಿಕೊಂಡಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ತನ್ಮಯೀಗೆ ಎಲ್ಲ ಒಪ್ಪಿಸಿದೆ. ಅವಳು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

"ಎಂಟನೇ ಕ್ಲಾಸಲ್ಲಿ ನನ್ನನ್ನೂ ಹೀಗೇ ಪಾಸ್ ಮಾಡ್ಸಿದ್ರಿ ಸರ್. ಅವತ್ತು ಅದ್ರಿಂದ ಯಾರ ಮಂಡಿನೂ ಊದ್ಲಿಲ್ಲ. ಕಾಲಿಗೆ ಗ್ರೇಸ್ ಮಾರ್ಕ್ಸ್ ಎಲ್ಲ ಗೊತ್ತಾಗಲ್ಲ" ಎಂದು ಸ್ಕೂಟಿ ಹತ್ತಿದಳು.

ಸಂಜೆ ಹಾಸಿಗೆಯ ಪಕ್ಕ ಕೂತೆ. "ತಪ್ಪಾಯ್ತು ಮಾರಾಯ್ತಿ. ನೀನು ಅಳೋದನ್ನ ನೋಡೋಕಾಗ್ಲಿಲ್ಲ."

"ಅಳೋಕೆ ಬಿಡ್ಬೇಕಿತ್ತು. ಸ್ಟ್ರೋಕ್ ಆದಾಗ ಬೆರಳೂ ಅಲ್ಲಾಡ್ತಿರ್ಲಿಲ್ಲ ರೀ ಈ ಕಾಲಲ್ಲಿ. ಎರಡಾದ್ರೂ ಆ ಹೆಜ್ಜೆ ನನ್ನವು. ಉಳಿದ ಇಪ್ಪತ್ತೆಂಟು ನಿಮ್ಮವು. ಎದ್ದು ನಡೀರಿ! ಬರ್ತಾ ಒಂದು ಲೋಟ ಕಾಫಿ ತನ್ನಿ."

ನಾನು ಸುಧಾರಿಸಿದ್ದೇನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಉಂಟೇ? ಎದ್ದು ನಡೆದೆ. ಅಡುಗೆಮನೆ ಮುಟ್ಟಿ ಅಲ್ಲಿಂದಲೇ ಕೂಗಿದೆ, "ಹದಿನಾರು ಆಯ್ತು ಕಣೇ!"

"ಹದಿಮೂರು" ಎಂದಳು ಕಾತ್ಯಾಯನಿ ಕೋಣೆಯಿಂದ. "ಏಳು ತಿಂಗಳಿಂದ ಇಲ್ಲೇ ಮಲಗಿ ನಿಮ್ಮ ಹೆಜ್ಜೆ ಎಣಿಸ್ತಿದ್ದೀನಿ."